ಅವತ್ತಿನ ರಕ್ತ

ಪ್ರಯೋಗಾಲಯದ ಮೊಲಗಳಿಗೆ ಹೆಸರಿಡಬಾರದೆಂಬ ನಿಯಮವನ್ನು ಫುಸಾಯೆ ನಿವಾ ಒಂದು ದಿನವೂ ಪಾಲಿಸಿದವಳಲ್ಲ. ಅಕ್ಕಿಹಿಟ್ಟಿನ ಮೋಚಿ ಉಂಡೆಯಂತೆ ಬೆಳ್ಳಗೆ ದುಂಡಗಿದ್ದದ್ದು ಮೋಚಿ, ಕೈ ಕಚ್ಚುತ್ತಿದ್ದದ್ದು ಅತ್ತೆ. ಬೈದು ಬೈದು ಸೋತ ವಿಜ್ಞಾನಿಗಳೇ ಕೊನೆಗೆ "ಅತ್ತೆ ರಕ್ತ ತೆಗೆದಾಯ್ತಾ?" ಎಂದು ಕೇಳತೊಡಗಿದ್ದರು.

ಹುಲ್ಲು ಹಾಕಿ ಗೂಡು ತೊಳೆಯುವ ಈ ಕೆಲಸವನ್ನು ಅವಳು ಹೊಟ್ಟೆಪಾಡಿಗಷ್ಟೇ ಹಿಡಿದಿರಲಿಲ್ಲ. ಟೋಕಿಯೊದ ಸುರಂಗ ರೈಲಿನಲ್ಲಿ ಯಾರೋ ಪಾಪಿಗಳು ವಿಷಾನಿಲ ಬಿಟ್ಟ ಬೆಳಿಗ್ಗೆ ಅವಳ ಗಂಡ ಶುಜಿ ಅದೇ ರೈಲಿನಲ್ಲಿದ್ದ. ಆಮೇಲೆ ಅವನ ಕಣ್ಣು ಸರಿಹೋಗಲಿಲ್ಲ, ತಲೆನೋವು ಬಿಡಲಿಲ್ಲ, ಕೆಲಸವೂ ಹೋಯಿತು. ಅವತ್ತು ಅವನು ಆಸ್ಪತ್ರೆಗೆ ಹೋಗಿರಲಿಲ್ಲವಾದ್ದರಿಂದ ಪುರಾವೆ ಇರಲಿಲ್ಲ. ಕಂಪನಿಯವರು ಮೈಗಳ್ಳ ಎಂದರು, ನೆಂಟರೂ ಹಿಂದಿನಿಂದ ಅದನ್ನೇ ಅಂದರು. ವಿಷ ತಗುಲಿದವರ ರಕ್ತದಲ್ಲಿ ಅದರ ಗುರುತನ್ನು ಹುಡುಕಿ ಹಿಡಿಯುವ ಪ್ರತಿಕಾಯವನ್ನು ಈ ಸಂಸ್ಥೆಯಲ್ಲಿ ಮೊಲಗಳಿಂದ ಪಡೆಯುತ್ತಿದ್ದಾರೆಂದು ಕೇಳಿ ಅವಳು ಬಂದಿದ್ದಳು. ಗಂಡನ ರಕ್ತ ಪರೀಕ್ಷೆಯಾಗಬೇಕು, ಆಡಿಕೊಂಡವರ ಬಾಯಿ ಮುಚ್ಚಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಕೊನೆಗೂ ಪ್ರತಿಕಾಯ ಸಿದ್ಧವಾಯಿತು, ಅದೂ ಅತ್ತೆಯ ರಕ್ತದಿಂದಲೇ. ಅತ್ತೆ ಮಾತ್ರ ಉಳಿಯಲಿಲ್ಲ.

ಸತ್ತ ಪ್ರಾಣಿಗಳಿಗೆ ಪ್ರತಿ ಶರತ್ಕಾಲದಲ್ಲಿ ಹಿತ್ತಲಿನ ಸ್ಮಾರಕದ ಕಲ್ಲಿನ ಮುಂದೆ ಎಲ್ಲರೂ ತಲೆಬಾಗುವುದು ಅಲ್ಲಿಯ ಪದ್ಧತಿ. ಆ ವರ್ಷ ಫುಸಾಯೆ ಶುಜಿಯನ್ನೂ ಕರೆತಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಸೇವಂತಿಗೆ ಹಿಡಿದು ಅವನು ಸಾಲಿನ ಕೊನೆಯಲ್ಲಿ ನಿಂತ. ವರ್ಷಗಟ್ಟಲೆ ಗಂಟಲಲ್ಲೇ ಉಳಿದಿದ್ದ ಮಾತನ್ನು ಅವಳು ಪ್ರತಿಕಾಯದ ಕೆಲಸ ನಡೆಸಿದ್ದ ಡಾಕ್ಟರ್ ಒಗಿನೊ ಮುಂದೆ ಆಡಿಬಿಟ್ಟಳು.

"ಸೆನ್ಸೇ, ನಮ್ಮ ಯಜಮಾನ್ರ ರಕ್ತಾನೂ ಒಂದ್ಸಲ ನೋಡ್ತೀರಾ?"

ಒಗಿನೊ ತಡವರಿಸಿದ. "ನಿವಾ ಸಾನ್, ಹೇಳೋಕೆ ಕಷ್ಟ ಆಗುತ್ತೆ. ಆ ಗುರುತು ರಕ್ತದಲ್ಲಿ ಕೆಲವು ವಾರ ಇರುತ್ತೆ ಅಷ್ಟೇ. ಅವತ್ತು ತೆಗೆದ ರಕ್ತ ಎಲ್ಲಾದ್ರೂ ಫ್ರೀಜರ್‌ನಲ್ಲಿ ಇದ್ದಿದ್ರೆ ಈಗ್ಲೂ ನೋಡಬಹುದಿತ್ತು. ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?"

"ನಂದೇ ಪೆದ್ದುತನ," ಎಂದು ಶುಜಿ ನಕ್ಕ. "ಸಾಹೇಬ್ರಿಗೆ ಹೆದರ್ಕೊಂಡು ಆಫೀಸಿಗೆ ಓಡಿದೆ."

ಫುಸಾಯೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವತ್ತು ಶುಜಿ ನಿಲ್ದಾಣದಿಂದಲೇ ಫೋನ್ ಮಾಡಿದ್ದ. "ಕಣ್ಣು ಕತ್ತಲಾಗ್ತಿದೆ ಕಣೇ, ಮೂಗು ಸುರೀತಿದೆ, ಆಸ್ಪತ್ರೆಗೆ ಹೋಗ್ಲಾ?" ಅದು ಸುಗಿ ಎಂಬ ದೇವದಾರು ಮರಗಳ ಪರಾಗ ಹಾರುವ ಕಾಲ. ಅರ್ಧ ಊರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀನುತ್ತಿತ್ತು. "ಪರಾಗಕ್ಕೆಲ್ಲಾ ಆಸ್ಪತ್ರೆ ಅಂತೆ! ಇವತ್ತು ಮೀಟಿಂಗ್ ಇದೆ, ಮೊದಲು ಹೋಗಿ ಮುಖ ತೋರಿಸಿ. ರೈಲು ತಡ ಅಂತ ಸ್ಟೇಷನ್‌ನಲ್ಲಿ ಚೀಟಿ ಇಸ್ಕೊಳ್ಳಿ, ಬೈಸ್ಕೋಬೇಡಿ," ಎಂದು ಫೋನ್ ಇಟ್ಟಿದ್ದಳು. ಅವನು ಗೋಡೆ ಹಿಡಿದುಕೊಂಡು ಆಫೀಸು ಸೇರಿದ್ದ. ಆ ಫೋನಿನ ಮಾತನ್ನು ಅಲ್ಲಿಂದೀಚೆಗೆ ಇಬ್ಬರೂ ಎತ್ತಿರಲಿಲ್ಲ.

ಅವಳು ಹೂವಿಟ್ಟು ಬಗ್ಗಿದಳು, ಏಳಲಾಗಲಿಲ್ಲ. ಬಿಕ್ಕುವುದನ್ನು ಕಂಡ ಹೊಸ ಕೆಲಸಗಾರ್ತಿ ಮೆಲ್ಲಗೆ ಬೆನ್ನು ಸವರಿ, "ಅತ್ತೆ ಅಂದ್ರೆ ನಿಮಗೆಷ್ಟು ಪ್ರೀತಿ! ನಿಮ್ಮಂಥ ಮೃದು ಮನಸ್ಸು ಯಾರಿಗಿದೆ?" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಫುಸಾಯೆ ಎದ್ದು ಒಗಿನೊ ಕಡೆ ತಿರುಗಿದಳು.

"ಇವರು ಸುಳ್ಳು ಹೇಳ್ತಿದ್ದಾರೆ. ಆಸ್ಪತ್ರೆಗೆ ಹೋಗ್ತೀನಿ ಅಂದ್ರು. ಬೇಡ, ಆಫೀಸಿಗೆ ಹೋಗಿ ಅಂದಿದ್ದು ನಾನು."

ಅವಳು ಸೆರಗಿಲ್ಲದ ಕೆಲಸದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ಇನ್ಮೇಲೆ ಈ ಪರೀಕ್ಷೆ ಮಾಡುವಾಗ, ವಿಷ ತಗುಲಿದ ದಿನಾನೇ ರಕ್ತ ಕೊಡಿ ಅಂತ ಜನಕ್ಕೆ ಹೇಳ್ತೀರಲ್ಲ ಸೆನ್ಸೇ," ಎಂದಳು, "ಅದನ್ನ ಮನೇಲಿ ಫೋನ್ ಎತ್ತೋರಿಗೂ ಹೇಳಿ."

"ಸಾಕು ಬಾರೇ," ಎಂದ ಶುಜಿ. ಅವಳಿದ್ದ ಕಡೆ ಚಾಚಿದ ಅವನ ಕೈ, ಸರಿಯಾಗಿ ಕಾಣದೆ, ಮೊದಲ ಯತ್ನಕ್ಕೆ ಅವಳ ತೋಳನ್ನು ಮುಟ್ಟದೆ ಗಾಳಿಯಲ್ಲಿ ತಡವಿತು.