ಈರಣ್ಣನವರು ಕಾಯ್ದ ಬಿಸಿಲು

ಹಿರೇವಡ್ಡಟ್ಟಿಯಲ್ಲಿ ಯಾರ ಮನೆಯ ದೀಪ ರಾತ್ರಿ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದು ಈರಣ್ಣನವರಿಗೆ ಬಾಯಿಪಾಠವಾಗಿತ್ತು. ಮನೆಗಳಿಗೆ ಸೋಲಾರ್ ಕೂಡಿಸುವುದು ಅವರ ಕಸುಬು. ಕರೆದವರ ಮನೆಗೆ ಹೋದರೆ ಮಾಳಿಗೆ ಹತ್ತುವ ಮೊದಲು ಕಟ್ಟೆಯ ಮೇಲೆ ಕುಳಿತು ವಿಚಾರಿಸುತ್ತಿದ್ದರು: ಎಷ್ಟಕ್ಕೆ ಮಲಗುತ್ತೀರಿ, ಮಕ್ಕಳು ಎಲ್ಲಿಯವರೆಗೆ ಓದುತ್ತಾರೆ, ಕತ್ತಲೆಗೆ ಅಂಜುವ ಮುದುಕರು ಇದ್ದಾರೆಯೇ.

"ಹಗಲಿಂದು ಸೂರ್ಯಾ ನೋಡ್ಕೋತಾನ್ರಿ. ರಾತ್ರಿ ಏನೇನು ಹಚ್ಚತೀರಿ, ಅದನ್ನಷ್ಟ ನನಗ ಹೇಳ್ರಿ."

ನಾನು ಇಲ್ಲಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮನೆ ಅವರ ಮನೆಯ ಎದುರಿಗೇ. ನಮ್ಮ ಮಾಳಿಗೆಯ ಮೇಲೆ ಪ್ಯಾನಲ್ ಕೂಡಿಸಿದ ಮೇಲೆ ಮಧ್ಯಾಹ್ನ ಮೂರು ಗಂಟೆಯಾದರೆ ಬೇವಿನ ಗಿಡದ ನೆರಳು ಅದರ ಒಂದು ಮೂಲೆಗೆ ಬೀಳತೊಡಗಿತು. ಮೂಲೆಗೆ ಬಿದ್ದ ನೆರಳು ಇಡೀ ಪ್ಯಾನಲ್ಲಿನ ಶಕ್ತಿಯನ್ನೇ ಕುಗ್ಗಿಸುತ್ತದೆ ಎಂದು ಅವರೇ ತೋರಿಸಿಕೊಟ್ಟರು. ನಮ್ಮವರು ಗಿಡ ಕಡಿಸಲು ಹೊರಟಾಗ ಮಾತ್ರ ಒಪ್ಪಲಿಲ್ಲ.

"ಗಿಡ ಕಡದು ಮಧ್ಯಾಹ್ನ ಎಲ್ಲಿ ಕುಂಡ್ರತೀರಿ, ಅಕ್ಕೋರ?" ಎಂದು ಇಡೀ ಒಂದು ದಿನ ಬೆವರು ಸುರಿಸಿ ಪ್ಯಾನಲ್ಲುಗಳನ್ನು ಆಚೆ ಬದಿಗೆ ಸರಿಸಿ ಕೂಡಿಸಿದರು. ಮಿಕ್ಸರ್, ಇಸ್ತ್ರಿ ಏನಿದ್ದರೂ ಬಿಸಿಲು ನೆತ್ತಿಗೆ ಬಂದಾಗ ಮುಗಿಸಿ, ಮೋಡವಿದ್ದ ದಿನ ಅವನ್ನು ಮುಟ್ಟಲೇಬೇಡಿ ಎಂದು ನನಗೆ ಎಷ್ಟು ಸಲ ಹೇಳಿದ್ದರೋ.

ಅವರ ಹೆಂಡತಿ ನೀಲವ್ವನಿಗೆ ಶ್ವಾಸಕೋಶದ ತೊಂದರೆ ಇತ್ತು. ರಾತ್ರಿಯೆಲ್ಲ ಆಕ್ಸಿಜನ್ ಮಷಿನ್ ಹಚ್ಚಬೇಕೆಂದು ಗದಗಿನ ಡಾಕ್ಟರು ಹೇಳಿದ್ದರು. ಈರಣ್ಣನವರು ಆಕೆಗೆಂದೇ ನಾಲ್ಕು ಬ್ಯಾಟರಿ ಕೂಡಿಸಿದರು. ಹಗಲು ಬಿಸಿಲು ಸರಿಯಾಗಿ ಬಿದ್ದಿದ್ದರೆ, ಕರೆಂಟು ಹೋದರೂ ಮಷಿನ್ ಬೆಳಗಿನವರೆಗೆ ನಿಲ್ಲುತ್ತಿರಲಿಲ್ಲ. ಅದರ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಆ ಸದ್ದಿಗೇ ತನಗೆ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ನೀಲವ್ವ ನಗುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಗಾಳಿಮಳೆಗೆ ಕಂಬಗಳು ಉರುಳಿ ಊರಿಗೆ ಕರೆಂಟೇ ಇಲ್ಲದಾಯಿತು. ಮೊದಲ ರಾತ್ರಿ ಬ್ಯಾಟರಿ ಕೈಹಿಡಿಯಿತು. ಮರುದಿನ ಮೋಡ ಕವಿದು ನಿಂತಿತು. ನೀಲವ್ವ ಕುಳಿತಲ್ಲೇ ಏದುಸಿರು ಬಿಡುತ್ತಿದ್ದುದರಿಂದ ಹಗಲೂ ಮಷಿನ್ ಬೇಕಾಯಿತು. ಗದಗಕ್ಕೆ ಕರೆದುಕೊಂಡು ಹೋಗೋಣ ಎಂದೆ.

"ಹನ್ನೊಂದಕ್ಕ ಬಿಸಲು ಬೀಳತೈತ್ರಿ. ಎರಡು ತಾಸು ಸಿಕ್ರ ಸಾಕು," ಎಂದು ಅವರು ಟವೆಲ್ ಹಿಡಿದು ಮಾಳಿಗೆ ಹತ್ತಿದರು. ಪ್ಯಾನಲ್ ಮೇಲಿನ ಹನಿ ಒರೆಸುವುದು, ಮೇಲೆ ನೋಡುವುದು, ಮತ್ತೆ ಒರೆಸುವುದು. ಹನ್ನೊಂದಾಯಿತು, ಎರಡಾಯಿತು, ಬಿಸಿಲು ಬೀಳಲಿಲ್ಲ.

ನಾಲ್ಕರ ಹೊತ್ತಿಗೆ ಬ್ಯಾಟರಿ ತೀರುತ್ತ ಬಂದು ಮಷಿನ್ ಕೂಗತೊಡಗಿತು. ಈರಣ್ಣನವರು ತಾವು ಸೋಲಾರ್ ಕೂಡಿಸಿದ ಮನೆಗಳಿಗೆಲ್ಲ ಬ್ಯಾಟರಿ ಕೇಳುತ್ತ ಓಡಾಡಿದರು. ನಮ್ಮ ಬಾಗಿಲಿಗೂ ಬಂದರು. ನಾನು ಅವತ್ತು ಬೆಳಿಗ್ಗೆಯೇ ಚಟ್ನಿಗೆಂದು ಮಿಕ್ಸರ್ ಹಾಕಿದ್ದೆ, ಟಿವಿಯನ್ನೂ ಹಚ್ಚಿದ್ದೆ. ನಮ್ಮ ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ. ಇದ್ದುದನ್ನು ಹೇಳಿದೆ.

"ನಿಮ್ಮೊಬ್ಬರದ ಅಲ್ರಿ, ಎಲ್ಲಾರದೂ ಖಾಲಿ. ಎಲ್ಲಾರ ಮನಿ ಮ್ಯಾಲೂ ಒಂದ ಮೋಡ," ಎಂದು ಅವರು ತಿರುಗಿ ನಡೆದರು.

ಅಷ್ಟರಲ್ಲಿ ನಮ್ಮವರು ಒಂದು ಕಾರು ಹೊಂದಿಸಿಕೊಂಡು ಬಂದರು. ದಾರಿಯುದ್ದಕ್ಕೂ ನೀಲವ್ವನ ತಲೆ ನನ್ನ ತೊಡೆಯ ಮೇಲಿತ್ತು. ಸೆರಗಿನಿಂದ ಗಾಳಿ ಬೀಸುತ್ತಿದ್ದೆ. ಅದರಿಂದ ಏನೂ ಆಗದೆಂದು ಗೊತ್ತಿತ್ತು, ಆದರೆ ಕೈ ನಿಲ್ಲಿಸುವ ಧೈರ್ಯವಾಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಈರಣ್ಣನವರು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಆಸ್ಪತ್ರೆಯಲ್ಲಿ ಆಕೆ ನಾಲ್ಕು ದಿನ ಇದ್ದಳು. ಐದನೆಯ ದಿನ ತೀರಿಕೊಂಡಳು.

ದೀಪಾವಳಿ ಕಳೆದ ಮೇಲೆ ಈರಣ್ಣನವರು ಮನೆಗೆ ಬೀಗ ಹಾಕಿ ಲಕ್ಷ್ಮೇಶ್ವರದ ಮಗಳ ಮನೆಗೆ ಹೊರಟರು. ಹೊರಡುವ ಮುಂಜಾನೆ ಯಾರೂ ಕರೆಯದೆ ತಾವೇ ಬಂದು ನಮ್ಮ ಬ್ಯಾಟರಿಗೆ ನೀರು ತುಂಬಿದರು. ಕೇಳಬಾರದಿತ್ತೇನೋ, ಕೇಳಿಬಿಟ್ಟೆ: ಇನ್ನೆರಡು ಬ್ಯಾಟರಿ ಇದ್ದಿದ್ದರೆ?

ಅವರು ಬ್ಯಾಟರಿಯ ಬಾಯಿಗಳ ಒಂದೊಂದೇ ಬಿರಡೆ ತಿರುವಿ ಬಿಗಿ ಮಾಡಿದರು.

"ಬ್ಯಾಟರಿ ಮಾತಲ್ರಿ ಅಕ್ಕೋರ. ನೀವು ಹೇಳಿದಾಗನ ಆಕಿನ್ನ ಕರಕೊಂಡು ಹೋಗಬೇಕಾಗಿತ್ತು. ನಾ ಬಿಸಲ ಕಾಯಕೋತ ಕುಂತೆ."

ಚಹಾ ಮಾಡಲೇ ಎಂದು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡರು.