ಮಲ್ಲಣ್ಣನ ತವರುಮನೆ

ಸಿಯಾಟಲ್ ಹತ್ತಿರದ ನಮ್ಮೂರು ಸ್ನೊಕ್ವಾಲ್ಮಿಯಿಂದ ಪೂರ್ವಕ್ಕೆ ಹೊರಟು ಘಾಟಿಯ ನೆತ್ತಿ ಮುಟ್ಟಿದ ಕೂಡಲೇ ಮಲ್ಲಣ್ಣ ಒಂದು ಸಲ ಹಾರ್ನ್ ಒತ್ತುತ್ತಿದ್ದರು. ಮುಂದೆ ಗಾಡಿ ಇರಲಿ, ಬಿಡಲಿ. ಹಾರ್ನ್ ಎಂದರೆ ಜಗಳಕ್ಕೆ ಕರೆದಂತೆ ಎಂದು ತಿಳಿಯುವ ಈ ನಾಡಿನಲ್ಲಿ ಎಷ್ಟು ಜನ ಅವರನ್ನು ಬೈದುಕೊಂಡರೋ. ಮೊದಲ ಸಲ ಅವರ ಕಾರಿನಲ್ಲಿ ಹೋದಾಗ ನಾನು ಬೆಚ್ಚಿಬಿದ್ದು, "ಯಾಕೆ ಮಲ್ಲಣ್ಣ, ಜಿಂಕೆ ಏನಾದ್ರೂ ಅಡ್ಡ ಬಂತಾ?" ಎಂದೆ.

"ಇಲ್ರಿ ಅಕ್ಕಾರ. ತವರಿಗೆ ಹೊಂಟೀವಿ. ಬರಾಕತ್ತೀವಿ ಅಂತ ಹೇಳಬೇಕಲ್ಲ."

"ಗಂಡಸರಿಗೆ ಎಲ್ಲೀ ತವರು? ಇವರದೊಂದು ಹೊಸಾದು," ಎಂದರು ಮುಂದೆ ಕುಳಿತಿದ್ದ ಅವರ ಹೆಂಡತಿ ಶೈಲಾ.

ತವರು ಎಂದರೆ ಘಾಟಿಯ ಆಚೆ, ಗೋಧಿ ಹೊಲಗಳ ನಡುವಿನ ಒಂದು ಊರು, ಅಲ್ಲಿನ ಯೂನಿವರ್ಸಿಟಿ. ಗದಗಿನ ಮಲ್ಲಣ್ಣ ಸಿವಿಲ್ ಎಂಜಿನಿಯರಿಂಗ್ ಓದಲು ಅಲ್ಲಿಗೆ ಬಂದಿಳಿದಾಗ ಮೈಮೇಲೆ ತೆಳ್ಳಗಿನ ಸ್ವೆಟರ್ ಮಾತ್ರ ಇತ್ತಂತೆ. ಬಾಡಿಗೆ ಮನೆಯ ಅಜ್ಜಿ ತನ್ನ ಗಂಡನ ಕೋಟು ಹೊದಿಸಿ, ಶನಿವಾರ ಫುಟ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋದಳು. ಆಟದ ತಲೆಬುಡ ತಿಳಿಯಲಿಲ್ಲ. ಆದರೆ ಅಕ್ಕಪಕ್ಕದವರೆಲ್ಲ ತಿನ್ನಲು ಕೊಟ್ಟರು. "ಉಂಡ ಮನಿ ಅಕ್ಕಾರ, ಮರಿಯಾಕ ಆಗಂಗಿಲ್ಲ," ಎನ್ನುತ್ತಿದ್ದರು. ಮುಂದೆ ಘಾಟಿಯ ಈಚೆ, ನಮ್ಮ ಕೌಂಟಿಯ ರಸ್ತೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ನಮ್ಮ ಪಕ್ಕದ ಮನೆಯವರಾದರು. ಜೇಬಿನಲ್ಲಿ ಯಾವಾಗಲೂ ಅಳತೆ ಟೇಪು. ನಮ್ಮ ಸೋಫಾ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಕೊಳ್ಳುವ ಮೊದಲೇ ಹೇಳಿದವರು ಅವರೇ, ಕೇಳದೆ ಕೊಂಡವಳು ನಾನು.

ಮಗಳು ಅಕ್ಷತಾ ಅದೇ ಯೂನಿವರ್ಸಿಟಿಗೆ ಲಾಂಗ್ ಜಂಪ್ ಆಟಗಾರ್ತಿಯಾಗಿ ಸೇರಿದಾಗ ಮಲ್ಲಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಚೆಯ ಆ ಊರಿರಲಿ, ಪಕ್ಕದ ರಾಜ್ಯ ಆರೆಗಾನ್ ಇರಲಿ, ಎಲ್ಲ ಸ್ಪರ್ಧೆಗೂ ಕಾರು ಹೊರಡುತ್ತಿತ್ತು. ಮಲ್ಲಣ್ಣ ಮೈದಾನದ ಅಂಚಿನ ಕಟಕಟೆಯ ಎಡ ತುದಿಯಲ್ಲಿ ನಿಂತಿರುತ್ತಿದ್ದರು. "ಅಂಜಿದ್ರ ಆಕಿ ಹೆಜ್ಜಿ ಉದ್ದ ಇಡ್ತಾಳ. ಗೆರಿ ದಾಟ್ತಾಳ, ಜಿಗಿದದ್ದು ಲೆಕ್ಕಕ್ಕ ಬರಂಗಿಲ್ಲ," ಎನ್ನುತ್ತಿದ್ದರು. ಓಡುವ ಮುಂಚೆ ಅವಳು ಅಪ್ಪನತ್ತ ತಿರುಗುವಳು. ಅವರು ಎರಡು ಕೈ ಅಗಲಿಸಿ, ಓಟ ಶುರುಮಾಡುವ ಜಾಗದಿಂದ ಎಷ್ಟು ಹಿಂದೆ ಸರಿಯಬೇಕೆಂದು ತೋರಿಸುವರು. ಅವಳ ಮುಖ ಸಡಿಲವಾಗುವುದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಆಮೇಲೆ ಯೂನಿವರ್ಸಿಟಿಗಳ ಆಟದ ಒಕ್ಕೂಟ ಒಡೆಯಿತು. ಪಶ್ಚಿಮದ ಈ ಯೂನಿವರ್ಸಿಟಿಗಳು ತಲೆಮಾರುಗಳಿಂದ ಒಂದು ಗುಂಪಾಗಿ ತಮ್ಮತಮ್ಮಲ್ಲೇ ಆಡುತ್ತಿದ್ದವು. ಟಿವಿ ಪ್ರಸಾರದ ಹಣ ಹೆಚ್ಚು ಸಿಗುವ ದೂರದ ಗುಂಪುಗಳಿಗೆ ಒಂದೊಂದಾಗಿ ಹೋದವು. ಸಿಯಾಟಲ್ಲಿನ ದೊಡ್ಡ ಯೂನಿವರ್ಸಿಟಿಯೂ ಹೋಯಿತು. ಮಲ್ಲಣ್ಣನ ತವರನ್ನು ಯಾರೂ ಕರೆಯಲಿಲ್ಲ.

"ಕೂಡಿದ ಮನಿ ಪಾಲಾತ್ರಿ. ದೊಡ್ಡವರು ಗಂಟು ಕಟ್ಟಿಕೊಂಡು ಹೋದ್ರು. ನಮಗ ಒಲಿ ಬಿಟ್ಟಾರ, ಹಚ್ಚಾಕ ಕಟ್ಟಿಗಿ ಇಲ್ಲ."

ನನ್ನ ಆಫೀಸಿನವರೆಲ್ಲ ಸಿಯಾಟಲ್ಲಿನ ಆ ಯೂನಿವರ್ಸಿಟಿಯ ಅಭಿಮಾನಿಗಳು. ಸುಮ್ಮನಿರಲಾರದೆ, "ಹೆಚ್ಚು ಸಂಬಳ ಕೊಡ್ತೀವಿ ಅಂದ್ರೆ ನೀವು ಕಂಪನಿ ಬದಲಿಸಲ್ವಾ ಮಲ್ಲಣ್ಣ?" ಎಂದು ಕೆಣಕಿದೆ.

"ನಾ ಬದಲಿಸಿಲ್ಲಲ್ರಿ," ಎಂದರು. ನಿಜ, ಬದಲಿಸಿರಲಿಲ್ಲ. ಅವತ್ತು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಕಟ್ಟಿಗೆ ಇಲ್ಲದ ಒಲೆಯ ಬಿಸಿ ಅವರ ಮನೆಗೇ ತಟ್ಟಿತು. ಖರ್ಚು ತಗ್ಗಿಸಲು ಯೂನಿವರ್ಸಿಟಿ ಜಿಗಿಯುವವರನ್ನೂ ಎಸೆಯುವವರನ್ನೂ ಕೈಬಿಟ್ಟು, ಓಡುವವರನ್ನು ಮಾತ್ರ ಉಳಿಸಿಕೊಂಡಿತು. ಸುದ್ದಿ ಹೇಳಲು ಅಕ್ಷತಾ ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. "ಐ ಕ್ಯಾನ್ ಸ್ಟೇ ಅಂಡ್ ಸ್ಟಡಿ, ಅಪ್ಪ. ಐ ಜಸ್ಟ್ ಕಾಂಟ್ ಜಂಪ್," ಎಂದಳು. ಸಿಯಾಟಲ್ಲಿನ ಕೋಚ್ ತಮ್ಮಲ್ಲಿಗೆ ಬಾ ಎಂದು ಕರೆದಿದ್ದರು. ಬೇರೆ ಯಾರೂ ಕರೆದಿರಲಿಲ್ಲ.

"ಬ್ಯಾಡ. ಮನಿ ಒಡದವರ ಅಂಗಳದಾಗ ಜಿಗಿಯೂದು ಬ್ಯಾಡ."

ನಾನು ಬಲ್ಲಂತೆ ಆ ಹುಡುಗಿ ಯಾವತ್ತೂ ಕನ್ನಡದಲ್ಲಿ ಉತ್ತರ ಕೊಟ್ಟವಳಲ್ಲ. ಅವತ್ತು ಕೊಟ್ಟಳು. "ಮತ್ತ ಎಲ್ಲಿ ಜಿಗೀಲಿ ಅಪ್ಪ?"

ಮಲ್ಲಣ್ಣ ಎದ್ದು ಹಿತ್ತಲಿಗೆ ಹೋದರು. ಮರುದಿನ ಬೇಲಿಯ ಹತ್ತಿರ ಸಿಕ್ಕಾಗ, "ಬಿಟ್ಟು ಹೋದವರ ಮನಿಗೇ ಮಗಳನ್ನ ಕೊಡಾಕತ್ತೀನ್ರಿ ಅಕ್ಕಾರ," ಎಂದರು.

ಸಿಯಾಟಲ್ಲಿಗೆ ಸೇರಿದ ಮಗಳು ಈಗ ಮನೆಯಿಂದ ಒಂದು ಗಂಟೆಯೂ ಆಗದ ದಾರಿಯಲ್ಲಿದ್ದಳು. ಅದೇ ಸಮಾಧಾನ ಎಂದು ನಾವೆಲ್ಲ ಹೇಳಿದೆವು. ಆದರೆ ಹೊಸ ಗುಂಪಿನವರ ದೊಡ್ಡ ಸ್ಪರ್ಧೆಗಳೆಲ್ಲ ದೇಶದ ಆ ಕಡೆ. ವಿಮಾನದಲ್ಲೇ ಅವಳ ನಿದ್ದೆ, ವಿಮಾನ ನಿಲ್ದಾಣದಲ್ಲೇ ಓದು. ಕಾರಿನಲ್ಲಿ ಹೋಗಿ ಮುಟ್ಟುವ ಊರುಗಳಲ್ಲ ಅವು. ಶನಿವಾರ ಮಲ್ಲಣ್ಣನ ಕಾರು ಮನೆ ಮುಂದೆಯೇ ನಿಂತಿರುತ್ತಿತ್ತು.

ನಾವು ಸಿಯಾಟಲ್ ಆಚೆಯ ಲಿನ್‌ವುಡ್‌ಗೆ ಮನೆ ಬದಲಿಸುವ ಹಿಂದಿನ ದಿನ ಹೇಳಿಹೋಗಲು ಅವರ ಮನೆಗೆ ಹೋದೆ. ಮನೆ ದೂರವಾಗಿ, ನಾನು ಅವರನ್ನು ನೋಡಿದ್ದು ಅದೇ ಕೊನೆ. ಅಡುಗೆಮನೆಯಲ್ಲಿ ಶೇಂಗಾ ಚಟ್ನಿಯ ಡಬ್ಬಕ್ಕೆ ಫೋನು ಒರಗಿಸಿ, ದೂರದ ಇಂಡಿಯಾನಾ ರಾಜ್ಯದಲ್ಲಿ ನಡೆಯುತ್ತಿದ್ದ ಸ್ಪರ್ಧೆ ನೋಡುತ್ತಿದ್ದರು. ಅಕ್ಷತಾ ಎರಡು ಸಲ ಗೆರೆ ದಾಟಿ, ಕೆಂಪು ಬಾವುಟ ಎದ್ದಿತ್ತು. ಇನ್ನೊಂದೇ ಅವಕಾಶ.

"ಅಂಜ್ಯಾಳ. ಹಿಂದ ಸರಿಯವ್ವ," ಎಂದರು ಫೋನಿಗೆ.

"ಅಲ್ಲೂ ಕೋಚ್ ಇರ್ತಾರಲ್ಲ ಮಲ್ಲಣ್ಣ," ಎಂದೆ.

"ಇರ್ತಾರ್ರಿ."

ಓಡುವ ಮುಂಚೆ ಅವಳು ಕಟಕಟೆಯ ಎಡ ತುದಿಯತ್ತ ತಿರುಗಿದಳು. ಅಲ್ಲಿ ಯಾರೋ ಕ್ಯಾಮೆರಾ ಹಿಡಿದು ನಿಂತಿದ್ದರು. ಹಿಂದೆ ಸರಿಯದೆ, ನಿಂತಲ್ಲಿಂದಲೇ ಓಡಿದಳು. ಮತ್ತೆ ಕೆಂಪು ಬಾವುಟ ಎದ್ದಿತು.

ಮಲ್ಲಣ್ಣ ಎರಡು ಕೈ ಅಗಲಿಸಿ ನನಗೆ ತೋರಿಸಿದರು. "ಇಷ್ಟ ರಿ ಅಕ್ಕಾರ. ಇಷ್ಟ ಹಿಂದ ಸರದಿದ್ರ ಸಾಕಿತ್ತು."

ಫೋನಿನಲ್ಲಿ ಬೇರೆ ಹುಡುಗಿ ಓಡತೊಡಗಿದ್ದಳು. ಅವರ ಕೈಗಳು ಹಾಗೆಯೇ ಇದ್ದವು.