ಆಯಿ ಸೋಸಿದ ಹಾವಸೆ

ಕಮಲಾಪುರದ ನಮ್ಮ ಬಾವಿಯ ನೀರನ್ನು ಯಾರಾದರೂ ಹೊಲಸು ಅಂದರೆ ಮುಗಿಯಿತು, ನನ್ನ ಅಜ್ಜಿ ಅವರೊಡನೆ ಮಾತು ಬಿಡುತ್ತಿದ್ದಳು. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ನೀರೆಂದರೆ ಸೋಸಿದ ನೀರು. ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಅರಿವೆ ಕಟ್ಟಿ ನೀರು ಹೊಯ್ಯಬೇಕು. ಅರಿವೆಯಲ್ಲಿ ಉಳಿದದ್ದನ್ನು ಕಂಡಲ್ಲಿ ಚೆಲ್ಲುವಂತಿಲ್ಲ, ಅದೇ ಬಾವಿಗೆ ಹೋಗಿ ಜಾಡಿಸಿ ಬರಬೇಕು. "ಅದರಾಗ ಜೀವ ಇರ್ತಾವ. ಅವುಗಳ ಮನಿ ಬಿಡಿಸಬಾರದು" ಅನ್ನುತ್ತಿದ್ದಳು. ನನಗೆ ಇದೆಲ್ಲ ಮುದುಕಿಯ ಅತಿ ಅನ್ನಿಸುತ್ತಿತ್ತು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು, ಮುಚ್ಚಿದ ಬಾಗಿಲುಗಳೆಲ್ಲ ತೆರೆದು, ನಾನು ಕಲಬುರಗಿಯಲ್ಲಿ ಇಂಟರ್ ಓದುತ್ತಿದ್ದ ಕಾಲವದು. ತರಗತಿಯಲ್ಲಿ ಹುಡುಗಿಯರು ಮೂವರೇ. ಪಾಠ ಉರ್ದುವಿನಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು, ನನ್ನ ತಲೆಗೆ ಮಾತ್ರ ಕನ್ನಡದಲ್ಲೇ ಇಳಿಯುತ್ತಿತ್ತು. ಗದ್ದಲದಲ್ಲಿ ಆಗಲೇ ಒಂದು ವರ್ಷ ಹಾಳಾಗಿತ್ತು. ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: "ಈ ಸಲ ಪಾಸಾದ್ರ ಮುಂದ ಓದು. ಇಲ್ಲಂದ್ರ ಇಷ್ಟಕ್ಕ ಸಾಕು." ಬರೆಯುವ ಪರೀಕ್ಷೆಗಳು ಚೆನ್ನಾಗಿಯೇ ಆದವು. ಉಳಿದದ್ದು ಸಸ್ಯಶಾಸ್ತ್ರದ ಪ್ರಯೋಗ ಪರೀಕ್ಷೆ ಒಂದೇ.

ಅದಕ್ಕೆ ನಾಲ್ಕು ಬಗೆಯ ಹಾವಸೆ, ಅಂದರೆ ಪಾಚಿ, ಒಯ್ಯಬೇಕಿತ್ತು. ಕೆಂಪು, ಕಂದು ಹಾವಸೆಗಳು ಹೆಚ್ಚಾಗಿ ಸಮುದ್ರದವು, ಅವನ್ನು ಬಿಡಿ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಆದರೂ ನಾನು ಕೆಂಪು ಹುಡುಕಿದೆ. ನಮ್ಮೂರ ಬಾಳೆಹಣ್ಣೇ ಕೆಂಪಗಿರುವಾಗ ಹಾವಸೆಗೇನು ಧಾಡಿ! ಸಿಗಲಿಲ್ಲ ಬಿಡಿ. ಬಾವಿಯ ನೀರ ಮೇಲೆ ಕೂದಲಂತೆ ತೇಲುವ ಹಸಿರು ಎಳೆ ಹಾವಸೆ ಸಿಕ್ಕಿತು. ಮೆಟ್ಟಿಲ ಮೇಲಿನ ನೀಲಿ ಹಸಿರು ಹಾವಸೆಯನ್ನು ಕೆರೆದುಕೊಂಡೆ. ಅದರ ಮೇಲೆ ಜಾರಿ ಬೀಳದ ಹೆಂಗಸು ನಮ್ಮ ಓಣಿಯಲ್ಲೇ ಇರಲಿಲ್ಲ. ಈಗ ಅದನ್ನು ಬ್ಯಾಕ್ಟೀರಿಯಾ ಅನ್ನುತ್ತಾರಂತೆ. ಅನ್ನಲಿ, ನಾನು ಬಿದ್ದಾಗ ಅದು ಹಾವಸೆಯೇ ಆಗಿತ್ತು. ಕಲ್ಲಿಗೆ ಹೊಂಬಣ್ಣದಲ್ಲಿ ತೆಳ್ಳಗೆ ಅಂಟಿಕೊಂಡಿದ್ದು ಡಯಾಟಮ್, ಕಣ್ಣಿಗೆ ಕಾಣದ ಅದರ ಒಂದೊಂದು ಕಣಕ್ಕೂ ಗಾಜಿನಂಥ ಚಿಪ್ಪು. ನಾಲ್ಕನೆಯದು ಅದೇ ಬಾವಿಯ ನೀರು ಹರಿಯುವ ಬಾಳೆತೋಟದ ಕಾಲುವೆಯ ತಳದ ಕಾರಾ ಎಂಬ ಹಾವಸೆ. ನಮ್ಮ ನೀರಿನ ಸುಣ್ಣವೆಲ್ಲ ಮೈಗೆ ಹತ್ತಿ ಒರಟು, ಹಿಸುಕಿದರೆ ಬೆಳ್ಳುಳ್ಳಿಯ ನಾತ.

ನಾಲ್ಕನ್ನೂ ನಾಲ್ಕು ಗಾಜಿನ ಭರಣಿಗಳಲ್ಲಿ ನೀರಿನೊಂದಿಗೆ ತುಂಬಿ ಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಸ್ಸು ಹಾರ್ನ್ ಹಾಕುತ್ತಿತ್ತು. ಆಯಿ ಓಡುತ್ತ ಬಂದು ಬುಟ್ಟಿ ಕೈಗೆ ಕೊಟ್ಟಳು. ಭರಣಿಗಳ ಬಾಯಿಗೆಲ್ಲ ಒದ್ದೆ ಅರಿವೆ ಕಟ್ಟಿತ್ತು. "ಅರಿವಿ ಎಲ್ಲೂ ಚೆಲ್ಲಿ ಬರಬ್ಯಾಡ, ಹಂಗೇ ತಿರುಗಿ ತಾ!" ಎಂದು ಹಿಂದಿನಿಂದ ಕೂಗಿದಳು. ಚಿಂದಿಗೂ ಇಷ್ಟು ಜೀವ ಬಿಡುತ್ತಾಳಲ್ಲ ಎಂದು ನಗು ಬಂತು.

ಪರೀಕ್ಷೆಯ ಮೇಜಿನ ಮೇಲೆ ಮೊದಲ ಭರಣಿಯ ಅರಿವೆ ಬಿಚ್ಚಿದೆ. ಒಳಗೆ ತಿಳಿನೀರು. ಎರಡನೆಯದೂ ತಿಳಿನೀರು, ಮೂರು, ನಾಲ್ಕು, ಎಲ್ಲವೂ ಕನ್ನಡಿ! ನಮ್ಮ ಬಾವಿಯ ನೀರು ಶಹರದ ಸಾಹೇಬರ ಮುಂದೆ ಹೋಗುತ್ತದೆಂದು ಮುದುಕಿ ಭರಣಿಗಳನ್ನೆಲ್ಲ ಬರಿದು ಮಾಡಿ, ತಿಕ್ಕಿ, ಅದೇ ನೀರನ್ನು ಸೋಸಿ ತುಂಬಿದ್ದಳು. ಓದು ಮುಗಿಯಿತು ಅಂದುಕೊಂಡೆ. ಆಯಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಏನನ್ನುತ್ತಿದ್ದೆನೋ.

ಪರೀಕ್ಷಕರು ಹೈದರಾಬಾದಿನಿಂದ ಬಂದಿದ್ದ ವಯಸ್ಸಾದ ಸಾಹೇಬರು. "ಕ್ಯಾ ಬೇಟಿ, ಕುಡ್ಯಾಕ ನೀರು ತಂದೀಯೇನು?" ಅಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನೀರನ್ನು ನೋಡಲೇ ಇಲ್ಲ. ನಾನು ಗಾಬರಿಯಲ್ಲಿ ಗಮನಿಸದೆ ಬದಿಗಿಟ್ಟಿದ್ದ ಮೊದಲ ಅರಿವೆ ಬಿಡಿಸಿ, ನಡುವೆ ಅಂಟಿದ್ದ ಹಸಿರು ಮುದ್ದೆಯಿಂದ ಚೂರು ಸೂಜಿಯಲ್ಲೆತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಅರೆ ವಾಹ್! ಭರಣಿ ತುಂಬಾ ಇದ್ದದ್ದು ನಿಮ್ಮ ಆಯಿ ಇಷ್ಟರಾಗ ಕೂಡಿಸ್ಯಾಳ. ನೋಡು ಬಾ."

ನೋಡಿದೆ. ಎಳೆಯೊಳಗೆ ಹಸಿರು ಪಟ್ಟಿ ಸುರುಳಿ ಸುರುಳಿಯಾಗಿ, ನನ್ನ ಜಡೆಗೆ ಸುತ್ತಿದ ರಿಬ್ಬನ್ನಿನಂತೆ. ಎರಡನೆಯ ಅರಿವೆಯ ನೀಲಿ ಹಸಿರು ಎಳೆಗಳು ಇನ್ನೂ ಮೆಲ್ಲಗೆ ಓಲಾಡುತ್ತಿದ್ದವು. ಒದ್ದೆ ಅರಿವೆಯಲ್ಲಿ ಅವು ಜೀವಂತ ಬಂದಿದ್ದವು! ನಾಲ್ಕರ ಹೆಸರು, ಗುಣ ಎಲ್ಲ ಪಟಪಟನೆ ಹೇಳಿದೆ. "ಪಾಸಾದಿ ಅಂತ ತಿಳಿ" ಅಂದ ಸಾಹೇಬರು, ಅರಿವೆಗಳನ್ನು ಕಾಲೇಜಿಗೆ ಬಿಟ್ಟು ಹೋಗಲು ಕೇಳಿದರು.

"ಆಗೂದಿಲ್ರಿ ಸಾಹೇಬ್ರ, ಬಾವಿಗಿ ತಿರುಗಿ ಒಯ್ಬೇಕು" ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ.

ಸಂಜೆ ಬಸ್ಸಿಳಿದರೆ ಆಯಿ ದಾರಿಯಲ್ಲೇ ನಿಂತಿದ್ದಳು. "ನೀರು ಹ್ಯಾಂಗದ ಅಂದ್ರು?"

"ನೀರು ನೋಡ್ಲೇ ಇಲ್ಲಾಯಿ. ಅರಿವಿ ನೋಡಿದ್ರು."

"ಅಯ್ಯ ನಿನ್ನ! ಹೊಲಸು ಅರಿವಿ ತೋರ್ಸಿ ಮನಿ ಮಾನ ಕಳದ್ಯಲ್ಲೇ!" ಎಂದು ಹಣೆ ಬಡಿದುಕೊಂಡಳು. ನಾನು ನಗುತ್ತ ಅವಳನ್ನು ತಬ್ಬಿಕೊಂಡು, ಪಾಸಾದದ್ದು ಆ ಅರಿವೆಯಿಂದಲೇ ಎಂದು ಹೇಳಿದೆ. ಅವಳಿಗೆ ಅರ್ಧ ನಂಬಿಕೆ, ಅರ್ಧ ಗುಮಾನಿ.

ಇಬ್ಬರೂ ಬಾವಿಗೆ ಇಳಿದೆವು. ಆಯಿ ನಾಲ್ಕೂ ಅರಿವೆಗಳನ್ನು ಒಂದೊಂದಾಗಿ ನೀರಿನಲ್ಲಿ ಜಾಡಿಸಿದಳು.

"ಹೋಗ್ರಿ ನಮ್ಮವ್ವಗಳ್ರಾ, ನಿಮ್ಮ ಮನಿಗಿ ಹೋಗ್ರಿ" ಅಂದಳು. "ನಮ್ಮ ಹುಡುಗಿ ಇನ್ನೂ ಓದ್ತಾಳಂತ."